ಹಡಗಿಳಿದ ಮೇಲೆ, ರೈಲು ಹತ್ತುವ ಮುನ್ನ

ಸಮುದ್ರಯಾನಕ್ಕೆ ಹೊರಡುವವರು ಹತ್ತುವ ದಿನದ ತಯಾರಿಯಲ್ಲಿ ಯಾವ ಕೊರತೆಯನ್ನೂ ಮಾಡುವುದಿಲ್ಲ. ವೀಸಾ, ವಿಮೆ, ಉಣ್ಣೆಯ ಬಟ್ಟೆ, ಮಾತ್ರೆ, ಚಟ್ನಿಪುಡಿ ಎಲ್ಲವೂ ಪಟ್ಟಿಯಲ್ಲಿರುತ್ತವೆ. ಇಳಿಯುವ ದಿನದ ಪಟ್ಟಿ ಮಾತ್ರ ಯಾರ ಬಳಿಯೂ ಇರುವುದಿಲ್ಲ. ಹಡಗು ದಡ ಸೇರಿದರೆ ಪ್ರವಾಸ ಮುಗಿಯಿತು ಎಂಬ ಭಾವನೆಯೇ ಇದಕ್ಕೆ ಕಾರಣ. ಆದರೆ ಅಲ್ಲಿಂದ ಮುಂದೆ ಸಾವಿರಾರು ಕಿಲೋಮೀಟರ್ ನೆಲದ ಮೇಲೆ ಹೋಗಬೇಕಾದವರಿಗೆ ಆ ದಿನ ಪ್ರವಾಸದ ನಟ್ಟನಡುವೆ ಬರುತ್ತದೆ. ಅದನ್ನು ಸರಿಯಾಗಿ ಕಳೆದರೆ ಹಿಂದಿನ ಸಮುದ್ರವೂ ಮುಂದಿನ ನೆಲವೂ ನಮ್ಮದಾಗುತ್ತವೆ. ಅವಸರದಲ್ಲಿ ದಾಟಿದರೆ ಎರಡೂ ಕೆಡುತ್ತವೆ.

ನಾನು ಹಾಸನದ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಹೇಳಿ ನಿವೃತ್ತಳಾದವಳು. ನಮ್ಮ ಯಜಮಾನರು ಅರಸೀಕೆರೆ ಜಂಕ್ಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ದುಡಿದವರು. ಮಗಳು ಟೊರಾಂಟೊದಲ್ಲಿದ್ದಾಳೆ. ಮೊದಲೆಲ್ಲ ವಿಮಾನದಲ್ಲೇ ಹೋಗಿಬಂದಿದ್ದೆವು. ಈ ಸಲ ಜಪಾನಿನ ಯೊಕೊಹಾಮಾದಿಂದ ಕೆನಡಾದ ವ್ಯಾಂಕೂವರ್‌ವರೆಗೆ ಹಡಗು, ಅಲ್ಲಿಂದ ಟೊರಾಂಟೊವರೆಗೆ ರೈಲು ಎಂದು ತೀರ್ಮಾನಿಸಿದೆವು. ಚಳಿಗಾಲದಲ್ಲಿ ಏಷ್ಯಾದ ಬಂದರುಗಳಲ್ಲಿ ಓಡಾಡಿದ ಕೆಲವು ಕ್ರೂಸ್ ಹಡಗುಗಳು ಏಪ್ರಿಲ್, ಮೇ ಹೊತ್ತಿಗೆ ಅಲಾಸ್ಕಾದ ಬೇಸಿಗೆ ಪ್ರವಾಸಗಳಿಗಾಗಿ ಪೆಸಿಫಿಕ್ ದಾಟಿ ಹೋಗುತ್ತವೆ. ಹೇಗೂ ಹೋಗಲೇಬೇಕಾದ ಹಡಗಾದ್ದರಿಂದ ಟಿಕೆಟ್ ದರವೂ ಹಲವು ಸಲ ಕೈಗೆಟುಕುವಂತಿರುತ್ತದೆ.

ಈ ದಾರಿಯನ್ನೇ ಆರಿಸಿಕೊಳ್ಳಲು ನನಗೆ ಇನ್ನೊಂದು ಕಾರಣವಿತ್ತು. 1893ರಲ್ಲಿ ಸ್ವಾಮಿ ವಿವೇಕಾನಂದರು ಶಿಕಾಗೊಗೆ ಹೋದದ್ದು ಹೀಗೆಯೇ. ಮೇ 31ರಂದು ಮುಂಬಯಿ ಬಿಟ್ಟು, ಕೊಲಂಬೊ, ಪೆನಾಂಗ್, ಸಿಂಗಪುರ, ಹಾಂಗ್‌ಕಾಂಗ್ ದಾಟಿ ಜಪಾನ್ ತಲುಪಿದರು. ಜುಲೈ 14ರಂದು ಯೊಕೊಹಾಮಾದಲ್ಲಿ ‘ಎಂಪ್ರೆಸ್ ಆಫ್ ಇಂಡಿಯಾ’ ಹಡಗು ಹತ್ತಿ, ಜುಲೈ 25ರಂದು ವ್ಯಾಂಕೂವರಿನಲ್ಲಿ ಇಳಿದರು. ಅಲ್ಲಿಂದ ಕೆನಡಿಯನ್ ಪೆಸಿಫಿಕ್ ರೈಲು ಹಿಡಿದು, ವಿನಿಪೆಗ್ ಮೇಲೆ ಹಾದು, 30ರಂದು ಶಿಕಾಗೊ ಸೇರಿದರು. ತರಗತಿಯಲ್ಲಿ ನಾನು ಪ್ರತಿ ಜನವರಿಯಲ್ಲೂ ಶಿಕಾಗೊ ಭಾಷಣದ ಬಗ್ಗೆ ಹೇಳುತ್ತಿದ್ದೆ. ಆ ಭಾಷಣಕ್ಕೆ ಮುಂಚಿನ ಹಡಗು, ರೈಲಿನ ಕಥೆ ಅದಕ್ಕಿಂತ ಕಡಿಮೆಯದಲ್ಲ ಎಂದು ಈಗ ಅನ್ನಿಸುತ್ತದೆ.

ಎರಡು ಶನಿವಾರಗಳ ಲೆಕ್ಕ

ಇಳಿಯುವ ತಯಾರಿ ನಡುಸಮುದ್ರದಲ್ಲಿಯೇ ಶುರುವಾಗುತ್ತದೆ. ಮೊದಲನೆಯದು ಗಡಿಯಾರದ ತಯಾರಿ.

ಯೊಕೊಹಾಮಾದಿಂದ ವ್ಯಾಂಕೂವರಿಗೆ ಸುಮಾರು 4,200 ನಾಟಿಕಲ್ ಮೈಲಿ. ಭೂಮಿ ಗುಂಡಗಿರುವುದರಿಂದ ಹತ್ತಿರದ ದಾರಿ ಭೂಪಟದಲ್ಲಿ ನೇರ ಗೆರೆಯಾಗಿ ಕಾಣದು. ಉತ್ತರಕ್ಕೆ ಬಾಗಿ ಅಲ್ಯೂಷಿಯನ್ ದ್ವೀಪಗಳ ಕಡೆಗೆ ಏರಿ ಮತ್ತೆ ಕೆಳಗಿಳಿಯುತ್ತದೆ. ಮೇ ತಿಂಗಳಲ್ಲೂ ಡೆಕ್ ಮೇಲೆ ಕೈ ಮರಗಟ್ಟುವಷ್ಟು ಚಳಿ ಇರುವುದು ಇದೇ ಕಾರಣಕ್ಕೆ. ಪೂರ್ವಕ್ಕೆ ಹೋಗುತ್ತಾ ಎಂಟು ರಾತ್ರಿ ಗಡಿಯಾರವನ್ನು ಒಂದೊಂದು ಗಂಟೆ ಮುಂದೆ ತಳ್ಳಬೇಕು. ಅಂದರೆ ಎಂಟು ದಿನಗಳಿಗೆ ತಲಾ ಇಪ್ಪತ್ತಮೂರೇ ಗಂಟೆ. ನಡುವೆ ಅಂತರರಾಷ್ಟ್ರೀಯ ದಿನಾಂಕ ರೇಖೆ ದಾಟಿದಾಗ ಒಂದೇ ದಿನ ಎರಡು ಸಲ ಬರುತ್ತದೆ. ನಮಗೆ ಶನಿವಾರ ಎರಡು ಸಲ ಬಂತು. ನಮ್ಮ ಯಜಮಾನರದು ಶನಿವಾರ ಒಪ್ಪತ್ತು. ಸೂರ್ಯ ಎರಡು ಸಲ ಹುಟ್ಟಿದ್ದಾನೆ, ಎರಡೂ ಶನಿವಾರವೇ ಎಂದು ಎರಡು ದಿನವೂ ರಾತ್ರಿ ಹಣ್ಣು, ಹಾಲಿನಲ್ಲೇ ಇದ್ದರು.

ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರಿಗೆ ಈ ಲೆಕ್ಕ ಬಹಳ ಮುಖ್ಯ. ವಾರದ ಮಾತ್ರೆಡಬ್ಬಿಯಲ್ಲಿ ಏಳೇ ಮನೆ, ಹಡಗಿನ ಆ ವಾರಕ್ಕೆ ಎಂಟು ದಿನ. ಕ್ಯಾಲೆಂಡರಿನ ತಾರೀಖು ಎಣಿಸಿ ಮಾತ್ರೆ ಕಟ್ಟಿಕೊಂಡರೆ ಒಂದು ದಿನದ್ದು ಕಡಿಮೆ ಬೀಳುತ್ತದೆ. ನಿಜವಾಗಿ ಕಳೆಯುವ ದಿನಗಳನ್ನು ಎಣಿಸಿ, ಅದರ ಮೇಲೆ ಒಂದು ವಾರದ್ದು ಹೆಚ್ಚಿಗೆ ಇಟ್ಟುಕೊಳ್ಳಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಚಿಕ್ಕದಾಗುವ ದಿನಗಳಲ್ಲಿ ಏನು ಮಾಡಬೇಕೆಂದು ಹೊರಡುವ ಮೊದಲೇ ವೈದ್ಯರಿಂದ ಬರೆಸಿಕೊಳ್ಳುವುದು ಒಳ್ಳೆಯದು.

ವಿಮಾನದಲ್ಲಿ ಬಂದಾಗ ಈ ಅಷ್ಟೂ ಗಂಟೆಗಳ ವ್ಯತ್ಯಾಸ ಒಂದೇ ಏಟಿಗೆ ಮೈಮೇಲೆ ಬಿದ್ದು, ಮಗಳ ಮನೆಯಲ್ಲಿ ಹಗಲೆಲ್ಲ ತೂಕಡಿಸುವುದು, ರಾತ್ರಿಯೆಲ್ಲ ಎಚ್ಚರವಾಗಿರುವುದು ನಮಗೆ ಅಭ್ಯಾಸವಾಗಿತ್ತು. ಹಡಗಿನಲ್ಲಿ ಅದೇ ವ್ಯತ್ಯಾಸ ಕಂತು ಕಂತಾಗಿ ತೀರಿತು. ವ್ಯಾಂಕೂವರಿನ ಬೆಳಿಗ್ಗೆ ನಮ್ಮ ಮೈಗೂ ಬೆಳಿಗ್ಗೆಯೇ ಆಗಿತ್ತು. ಭೂಮಿಯ ಅಗಲ ಎಷ್ಟೆಂದು ಗ್ಲೋಬ್ ತಿರುಗಿಸಿ ಮಕ್ಕಳಿಗೆ ಎಷ್ಟೋ ವರ್ಷ ತೋರಿಸಿದ್ದೇನೆ. ಅದು ನನ್ನ ಮೈಗೆ ತಿಳಿದದ್ದು ಈ ಪ್ರಯಾಣದಲ್ಲಿ.

ಕೊನೆಯ ರಾತ್ರಿಯ ಕೆಲಸಗಳು

ದೊಡ್ಡ ಹಡಗಿನಿಂದ ಸಾವಿರಾರು ಜನ ಒಂದೇ ಬೆಳಿಗ್ಗೆ ಇಳಿಯಬೇಕು. ಅದೇ ಮಧ್ಯಾಹ್ನ ಅಷ್ಟೇ ಜನ ಹತ್ತಬೇಕು. ಆದ್ದರಿಂದ ಇಳಿಯುವುದಕ್ಕೆ ಕಟ್ಟುನಿಟ್ಟಿನ ಕ್ರಮವಿದೆ. ಹಿಂದಿನ ದಿನವೇ ಬಣ್ಣ ಅಥವಾ ನಂಬರಿನ ಚೀಟಿಗಳನ್ನು ಕ್ಯಾಬಿನ್ನಿಗೆ ಕೊಡುತ್ತಾರೆ. ದೊಡ್ಡ ಸೂಟ್‌ಕೇಸುಗಳಿಗೆ ಅವನ್ನು ಕಟ್ಟಿ, ರಾತ್ರಿ ಹೇಳಿದ ಹೊತ್ತಿನೊಳಗೆ ಬಾಗಿಲ ಹೊರಗಿಡಬೇಕು. ನೌಕರರು ಅವನ್ನು ಕೆಳಗೆ ಸಾಗಿಸುತ್ತಾರೆ. ಬೆಳಿಗ್ಗೆ ನಿಮ್ಮ ಬಣ್ಣವನ್ನು ಕರೆದಾಗ ಇಳಿದು, ಟರ್ಮಿನಲ್ಲಿನ ಹಾಲ್‌ನಲ್ಲಿ ಅದೇ ಬಣ್ಣದ ಸಾಲಿನಿಂದ ಎತ್ತಿಕೊಳ್ಳಬೇಕು. ತಮ್ಮ ಸಾಮಾನನ್ನು ತಾವೇ ಹೊತ್ತು ಇಳಿಯುತ್ತೇವೆ ಎನ್ನುವವರನ್ನು ಎಲ್ಲರಿಗಿಂತ ಮೊದಲು ಬಿಡುತ್ತಾರೆ. ಮಂಡಿನೋವಿನವರು ಗಾಲಿಕುರ್ಚಿ ಬೇಕಿದ್ದರೆ ಒಂದೆರಡು ದಿನ ಮುಂಚೆಯೇ ಹಡಗಿನ ಕೌಂಟರಿನಲ್ಲಿ ಹೇಳಿಡಬೇಕು.

ನಮ್ಮ ಕ್ಯಾಬಿನ್ ನೋಡಿಕೊಳ್ಳುತ್ತಿದ್ದ ಹುಡುಗ ಮಂಗಳೂರಿನವನು. ಮೊದಲ ದಿನ ‘ಮೇಡಂ’ ಎನ್ನುತ್ತಿದ್ದವನು ನಾವು ಕನ್ನಡದಲ್ಲಿ ಮಾತಾಡುವುದು ಕಿವಿಗೆ ಬಿದ್ದ ಮೇಲೆ ‘ಅಮ್ಮ’ ಎನ್ನತೊಡಗಿದ. ಕೊನೆಯ ಸಂಜೆ ಚೀಟಿಗಳನ್ನು ತಂದುಕೊಟ್ಟು ಹೇಳಿದ:

“ಅಮ್ಮ, ಔಷಧಿ, ಪಾಸ್‌ಪೋರ್ಟು, ನಾಳೆ ಹಾಕುವ ಬಟ್ಟೆ, ಚಪ್ಪಲಿ, ಇಷ್ಟನ್ನು ಹೊರಗೆ ಇಡುವ ಪೆಟ್ಟಿಗೆಯಲ್ಲಿ ಹಾಕ್ಬೇಡಿ. ನಾಳೆ ಕೆಳಗೆ ಇಳಿಯುವವರೆಗೆ ಅದು ನಿಮ್ಮ ಕೈಗೆ ಸಿಗುದಿಲ್ಲ. ರಾತ್ರಿ ಹನ್ನೆರಡು ಗಂಟೆಗೆ ಮಾತ್ರೆ ಹುಡುಕಿಕೊಂಡು ಬರುವವರು ಪ್ರತಿ ಟ್ರಿಪ್ಪಿನಲ್ಲೂ ಇರ್ತಾರೆ ಮಾರಾಯ್ರೇ.”

“ನಾಳೆ ನೀನೂ ಊರು ನೋಡೋಕೆ ಇಳೀತೀಯೇನಪ್ಪ?” ಎಂದು ಕೇಳಿದೆ.

“ಎಲ್ಲಿಂದ ಅಮ್ಮ! ನೀವು ಹೋದ ಕೂಡಲೆ ರೂಮು ರೆಡಿ ಮಾಡ್ಬೇಕು. ಮಧ್ಯಾಹ್ನಕ್ಕೆ ಬೇರೆಯವರು ಬರ್ತಾರೆ.”

ತಿಂಗಳುಗಟ್ಟಲೆ ಒಪ್ಪಂದದಲ್ಲಿ ದುಡಿಯುವ ಇಂಥ ಹುಡುಗರು ಕರಾವಳಿಯಿಂದ, ಗೋವಾದಿಂದ ಬಹಳ ಮಂದಿ ಇದ್ದಾರೆ. ನಮ್ಮ ಪ್ರವಾಸದ ಸುಖವೆಲ್ಲ ಅವರ ಬೆನ್ನಿನ ಮೇಲಿದೆ. ಟಿಪ್ಸ್ ಹಣವನ್ನು ಹಡಗಿನವರು ಬಿಲ್ಲಿಗೇ ಸೇರಿಸಿರುತ್ತಾರೆ, ನಿಜ. ಆದರೂ ಇಳಿಯುವ ಮುನ್ನ ಅವನ ಕೈಹಿಡಿದು ಮಾತಾಡಿಸುವುದಕ್ಕೆ, ಅವನ ಕೆಲಸ ಚೆನ್ನಾಗಿತ್ತೆಂದು ಹೆಸರು ಹಾಕಿ ಕಂಪನಿಗೆ ಬರೆದುಕೊಡುವುದಕ್ಕೆ ಹತ್ತು ನಿಮಿಷ ಇಟ್ಟುಕೊಳ್ಳಿ. ಮುಂದಿನ ಒಪ್ಪಂದಕ್ಕೆ ಆ ಬರಹ ಅವನ ಕೈಹಿಡಿಯಬಹುದು.

ಇನ್ನು ಮಿಕ್ಕ ಕೆಲಸಗಳು. ಹಡಗಿನ ಲೆಕ್ಕವನ್ನು ಕೊನೆಯ ರಾತ್ರಿಯೇ ಓದಿ ನೋಡಿ. ಬೆಳಿಗ್ಗೆ ಕೌಂಟರಿನ ಮುಂದೆ ಉದ್ದ ಸಾಲಿರುತ್ತದೆ. ಬಟ್ಟೆ ಒಗೆಯುವ ಯಂತ್ರಗಳ ಮುಂದೆ ಕೊನೆಯ ಎರಡು ದಿನ ನೂಕುನುಗ್ಗಲಾದ್ದರಿಂದ ಅದಕ್ಕಿಂತ ಮೊದಲೇ ಒಗೆದು ಮಡಿಚಿಡಿ. ಮುಂದೆ ರೈಲಿನಲ್ಲಿ ಒಗೆಯಲು ಅವಕಾಶವಿಲ್ಲ. ಮುಖ್ಯವಾಗಿ, ಸಾಮಾನನ್ನು ಎರಡು ಪಾಲು ಮಾಡಿ. ಅರಸೀಕೆರೆಯ ಪಾರ್ಸೆಲ್ ಆಫೀಸಿನ ಅನುಭವ ನಮಗೆ ಇಲ್ಲಿ ಉಪಯೋಗಕ್ಕೆ ಬಂತು. ಹಡಗಿನ ಔತಣಕ್ಕೆಂದು ತಂದ ರೇಷ್ಮೆಸೀರೆ, ಉಡುಗೊರೆ, ಹೆಚ್ಚುವರಿ ಬೂಟು ಎಲ್ಲ ದೊಡ್ಡ ಪೆಟ್ಟಿಗೆಗೆ ಹೋದವು. ರೈಲಿನ ರಾತ್ರಿಗಳಿಗೆ ಬೇಕಾದ ಬಟ್ಟೆ, ಔಷಧಿ, ಶಾಲು, ಕಾಗದಪತ್ರ ಒಂದು ಕೈಚೀಲಕ್ಕೆ ಬಂದವು. ರೈಲಿನಲ್ಲಿ ದೊಡ್ಡ ಪೆಟ್ಟಿಗೆ ಬ್ಯಾಗೇಜ್ ಬೋಗಿಗೆ ಹೋದರೆ ಟೊರಾಂಟೊವರೆಗೆ ಅದರ ಮುಖ ನೋಡುವಂತಿಲ್ಲ.

ಇಳಿಯಲು ಅನುಮತಿ ಸಿಗುವುದೆಂದರೆ

ಹಡಗು ಕೆನಡಾದ ನೀರಿಗೆ ಬಂದ ಮೇಲೆ ವಿಕ್ಟೋರಿಯಾ ಊರಿನ ಹೊರಗೆ ಸ್ಥಳೀಯ ಪೈಲಟ್ ಚಿಕ್ಕ ದೋಣಿಯಲ್ಲಿ ಬಂದು, ಓಡುತ್ತಿರುವ ಹಡಗಿನ ಪಕ್ಕದ ಹಗ್ಗದೇಣಿ ಹತ್ತುತ್ತಾನೆ. ಅಲ್ಲಿಂದ ದ್ವೀಪಗಳ ನಡುವಿನ ಇಕ್ಕಟ್ಟಿನ ದಾರಿಯನ್ನು ತೋರಿಸುವವನು ಅವನೇ. ಕೊನೆಯಲ್ಲಿ 1938ರ ಲಯನ್ಸ್ ಗೇಟ್ ತೂಗುಸೇತುವೆಯ ಕೆಳಗೆ ಹಾದು ಬರ್ರಾರ್ಡ್ ಕೊಲ್ಲಿಗೆ ಬರುತ್ತೇವೆ. ಸೇತುವೆ ನೀರಿನಿಂದ ಸುಮಾರು 61 ಮೀಟರ್ ಎತ್ತರದಲ್ಲಿದೆ. ಬಹಳ ಎತ್ತರದ ಹಡಗುಗಳು ನೀರಿನ ಇಳಿತ ನೋಡಿಕೊಂಡು ದಾಟಬೇಕು. ದಾಟಿದರೆ ಎದುರಿಗೆ ಐದು ಬಿಳಿ ಹಾಯಿಗಳ ಛಾವಣಿಯ ಕೆನಡಾ ಪ್ಲೇಸ್. 1986ರ ವಿಶ್ವ ಪ್ರದರ್ಶನಕ್ಕೆಂದು ಕಟ್ಟಿದ ಈ ಕಟ್ಟಡವೇ ಈಗ ಕ್ರೂಸ್ ಟರ್ಮಿನಲ್.

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಹಡಗಿನಲ್ಲಿ ಬಂದರೂ ಕೆನಡಾದ ವೀಸಾ ಮೊದಲೇ ಇರಬೇಕು. ಜಪಾನಿನಲ್ಲಿ ಹತ್ತುವುದಾದರೆ ಜಪಾನಿನ ವೀಸಾ, ದಾರಿಯಲ್ಲಿ ಅಲಾಸ್ಕಾದ ಬಂದರಿದ್ದರೆ ಅಮೆರಿಕದ ವೀಸಾ. ಒಂದು ಕಡಿಮೆಯಾದರೂ ಹಡಗು ಹತ್ತಲು ಬಿಡುವುದಿಲ್ಲ. ಇಳಿದ ಮೇಲೆ ಗಡಿ ಅಧಿಕಾರಿ ಎಲ್ಲಿಗೆ, ಎಷ್ಟು ದಿನ, ಯಾರ ಮನೆಗೆ ಎಂದು ಕೇಳುತ್ತಾರೆ. ಮಗಳ ವಿಳಾಸ, ಆಹ್ವಾನ ಪತ್ರ, ರೈಲಿನ ಟಿಕೆಟ್, ವಾಪಸು ಹೋಗುವ ವಿಮಾನದ ಟಿಕೆಟ್ ಇವುಗಳ ಕಾಗದದ ಪ್ರತಿ ಕೈಯಲ್ಲಿದ್ದರೆ ಮಾತು ಬೇಗ ಮುಗಿಯುತ್ತದೆ. ಹಡಗಿನ ಇಂಟರ್ನೆಟ್ ಇಳಿದ ಕ್ಷಣ ನಿಲ್ಲುತ್ತದೆ, ಮೊಬೈಲಿನಲ್ಲಿದೆ ಎಂದು ನಂಬಿ ನಿಲ್ಲಬೇಡಿ. ಬೀಜ, ಗಿಡ, ಹಾಲಿನ ಪದಾರ್ಥ, ಮಾಂಸ, ಹಣ್ಣು, ಮನೆಯ ಪುಡಿಗಳು ಏನಿದ್ದರೂ ಇದೆ ಎಂದು ಹೇಳಿಬಿಡಿ. 10,000 ಕೆನಡಾ ಡಾಲರ್ ಅಥವಾ ಅದಕ್ಕಿಂತ ಹೆಚ್ಚಿನ ಹಣ ಜೊತೆಗಿದ್ದರೆ ಅದನ್ನೂ ತಿಳಿಸಬೇಕು. ಹಡಗಿನ ಊಟದ ಮನೆಯಿಂದ ಒಂದು ಸೇಬನ್ನೂ ಚೀಲಕ್ಕೆ ಹಾಕಿಕೊಂಡು ಇಳಿಯಬಾರದು. ನಮ್ಮ ಚಟ್ನಿಪುಡಿಯನ್ನು ತೆರೆದು ತೋರಿಸಿದೆವು. ಅಧಿಕಾರಿ ನೋಡಿ, ಕೇಳಿ, ಹೋಗಿ ಎಂದರು.

ಆ ಒಂದು ಮಾತಿನ ಬೆಲೆ ನನಗೆ ಅರ್ಥವಾದದ್ದು ಅದೇ ದಿನ ಮಧ್ಯಾಹ್ನ. ಕೆನಡಾ ಪ್ಲೇಸಿನಿಂದ ದಡದ ಗುಂಟ ಪಶ್ಚಿಮಕ್ಕೆ ಸ್ವಲ್ಪ ನಡೆದರೆ ಕೋಲ್ ಹಾರ್ಬರ್‌ನಲ್ಲಿ ಕೊಮಗಾಟ ಮಾರು ಸ್ಮಾರಕವಿದೆ. 1914ರ ಮೇ 23ರಂದು 376 ಭಾರತೀಯರನ್ನು ಹೊತ್ತ ಆ ಹಡಗು ಇದೇ ಕೊಲ್ಲಿಗೆ ಬಂತು. ಹೆಚ್ಚಿನವರು ಸಿಖ್ಖರು, ಜೊತೆಗೆ ಮುಸ್ಲಿಮರು, ಹಿಂದೂಗಳು. ಅವರೂ ಯೊಕೊಹಾಮಾದಿಂದಲೇ ಪೆಸಿಫಿಕ್ ದಾಟಿದ್ದರು. ಹುಟ್ಟಿದ ದೇಶದಿಂದ ಎಲ್ಲೂ ತಡೆಯಿಲ್ಲದ ನೇರ ಪ್ರಯಾಣದಲ್ಲಿ ಬಂದವರಿಗೆ ಮಾತ್ರ ಪ್ರವೇಶ ಎಂಬ ನಿಯಮವನ್ನು ಕೆನಡಾ 1908ರಲ್ಲಿ ಮಾಡಿತ್ತು. ಭಾರತದಿಂದ ಅಂಥ ನೇರ ಪ್ರಯಾಣ ಸಾಧ್ಯವಾಗದಂತೆ ಮಾಡುವುದೇ ಅದರ ಉದ್ದೇಶ. ಮೊದಲೇ ಕೆನಡಾದಲ್ಲಿ ನೆಲೆಸಿದ್ದ ಕೆಲವರನ್ನೂ ಇನ್ನು ಬೆರಳೆಣಿಕೆಯ ಮಂದಿಯನ್ನೂ ಬಿಟ್ಟರೆ ಉಳಿದವರಾರಿಗೂ ನೆಲಕ್ಕೆ ಕಾಲಿಡಲಾಗಲಿಲ್ಲ. ಊರು ಕಣ್ಣಿಗೆ ಕಾಣುತ್ತಿರುವಾಗಲೇ ಎರಡು ತಿಂಗಳು ನೀರಿನ ಮೇಲೆ ಕಾದು, ಜುಲೈ 23ರಂದು ಹಿಂತಿರುಗಬೇಕಾಯಿತು. ಸೆಪ್ಟೆಂಬರಿನಲ್ಲಿ ಕೋಲ್ಕತ್ತಾ ಬಳಿಯ ಬಜ್ ಬಜ್‌ನಲ್ಲಿ ಇಳಿದಾಗ ಪೊಲೀಸರ ಗುಂಡಿಗೆ ಹಲವರು ಸತ್ತರು. ಕೆನಡಾದ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2016ರ ಮೇ 18ರಂದು.

ಸ್ಮಾರಕದ ಮೇಲೆ ಆ ಪ್ರಯಾಣಿಕರ ಹೆಸರುಗಳಿವೆ. ನಾವಿಬ್ಬರೂ ಒಂದೊಂದಾಗಿ ಓದಿದೆವು. ವ್ಯಾಂಕೂವರಿನಲ್ಲಿ ಹಡಗಿಳಿಯುವ ಪ್ರತಿ ಭಾರತೀಯರೂ, ಅಂಗಡಿ ಬೀದಿಗೆ ಹೋಗುವ ಮೊದಲು, ಇಲ್ಲಿಗೆ ಬರಬೇಕೆಂದು ನಾನು ಕೇಳಿಕೊಳ್ಳುತ್ತೇನೆ. ನಮಗೆ ಅರ್ಧ ಗಂಟೆಯಲ್ಲಿ ಸಿಕ್ಕ ಅನುಮತಿಗಾಗಿ ಅವರು ಪಟ್ಟ ಪಾಡನ್ನು ತಿಳಿಯದೆ ಆ ದಡದಿಂದ ಮುಂದೆ ಹೋಗುವುದು ಸರಿಯಲ್ಲ.

ನೆಲ ತೂಗುವ ದಿನ

ಹಡಗಿನಿಂದ ಇಳಿದವರಿಗೆ ಮೊದಲ ದಿನ ನೆಲ ತೊಟ್ಟಿಲಿನಂತೆ ತೂಗುತ್ತದೆ. ಹೋಟೆಲಿನ ಬಚ್ಚಲಲ್ಲಿ ಕಣ್ಣುಮುಚ್ಚಿ ತಲೆಗೆ ನೀರು ಹಾಕಿಕೊಂಡಾಗ ಗೋಡೆಯೇ ವಾಲಿದ ಹಾಗೆ ಅನ್ನಿಸಿತು. ಇದು ಕಾಯಿಲೆಯಲ್ಲ. ಒಳಕಿವಿಯಲ್ಲಿರುವ ಸಮತೋಲನದ ಅಂಗ ಅಲೆಗಳ ಏರಿಳಿತವನ್ನು ಮಿದುಳಿಗೆ ತಿಳಿಸುತ್ತಲೇ ಇರುತ್ತದೆ. ದಿನಗಳು ಕಳೆದಂತೆ ಮಿದುಳು ಅದನ್ನೇ ಸಹಜವೆಂದು ಕಲಿತು, ಮೊದಲೇ ತಿದ್ದಿಕೊಂಡು ಹೆಜ್ಜೆ ಹಾಕಿಸುತ್ತದೆ. ನೆಲ ಸಿಕ್ಕಿದ ಮೇಲೂ ಆ ತಿದ್ದುಪಡಿ ಸ್ವಲ್ಪ ಹೊತ್ತು ನಿಲ್ಲುವುದಿಲ್ಲ. ಹೆಚ್ಚಿನವರಿಗೆ ಒಂದೆರಡು ದಿನಗಳಲ್ಲಿ ಸರಿಹೋಗುತ್ತದೆ. ಅದಕ್ಕೂ ಮೀರಿ ವಾರಗಟ್ಟಲೆ ಉಳಿದರೆ ವೈದ್ಯರಿಗೆ ತೋರಿಸಬೇಕು. ಬಯಲಿನಲ್ಲಿ, ದೂರದ ಬೆಟ್ಟವನ್ನೋ ದಡವನ್ನೋ ನೋಡುತ್ತಾ ನಡೆಯುವುದೇ ಒಳ್ಳೆಯ ಮದ್ದು. ಸ್ಟ್ಯಾನ್ಲಿ ಪಾರ್ಕಿನ ಸುತ್ತ ಸಮುದ್ರದಂಚಿಗೆ ಕಟ್ಟಿದ ಕಾಲುದಾರಿ ಇದಕ್ಕೆ ಹೇಳಿ ಮಾಡಿಸಿದಂತಿದೆ. ಒಂದು ಕಡೆ ನೀರು, ಇನ್ನೊಂದು ಕಡೆ ದೇವದಾರು ಜಾತಿಯ ಮುಗಿಲೆತ್ತರದ ಮರಗಳು. ವಾರಗಟ್ಟಲೆ ಉಪ್ಪುಗಾಳಿ ಕುಡಿದ ಮೂಗಿಗೆ ಮಣ್ಣಿನ, ಮರದ ತೊಗಟೆಯ ವಾಸನೆ ಬಂದಾಗ ನಾನು ನಿಂತೇಬಿಟ್ಟೆ.

ಬದಲಾಗಬೇಕಾದದ್ದು ಕಾಲು ಮಾತ್ರವಲ್ಲ, ಮನಸ್ಸೂ ಹೌದು. ಹಡಗಿನಲ್ಲಿ ಊಟದ ಹೊತ್ತು, ಮಲಗುವ ಜಾಗ, ನಾಳೆಯ ಊರು ಎಲ್ಲವನ್ನೂ ಬೇರೆಯವರು ಗೊತ್ತುಮಾಡುತ್ತಾರೆ. ದುಡ್ಡನ್ನು ಕಣ್ಣಿಂದಲೂ ನೋಡುವುದಿಲ್ಲ. ನೆಲಕ್ಕೆ ಬಂದ ಕೂಡಲೇ ಸಣ್ಣ ಸಣ್ಣ ನಿರ್ಧಾರಗಳು ಮುತ್ತಿಕೊಳ್ಳುತ್ತವೆ: ಯಾವ ರೈಲು, ಎಷ್ಟು ಚಿಲ್ಲರೆ, ಎಲ್ಲಿ ಊಟ, ಯಾವ ಸಿಮ್. ಅದಕ್ಕೇ ನಾನು ಹೇಳುವುದು, ಹಡಗಿಳಿದ ಮೇಲೆ ಎರಡು ರಾತ್ರಿಯಾದರೂ ಅದೇ ಊರಿನಲ್ಲಿ ಉಳಿಯಿರಿ. ಮಂಜು, ಬಿರುಗಾಳಿ, ಯಾರಿಗೋ ತುರ್ತು ಚಿಕಿತ್ಸೆ ಎಂದು ಹಡಗು ತಡವಾಗುವುದುಂಟು. ವ್ಯಾಂಕೂವರಿನಿಂದ ಟೊರಾಂಟೊಗೆ ಹೋಗುವ ‘ದಿ ಕೆನಡಿಯನ್’ ರೈಲು ದಿನವೂ ಇರುವುದಿಲ್ಲ, ವಾರಕ್ಕೆ ಕೆಲವೇ ದಿನ. ಒಂದು ತಪ್ಪಿದರೆ ಮುಂದಿನದಕ್ಕೆ ದಿನಗಟ್ಟಲೆ ಕಾಯಬೇಕು. ಹೋಟೆಲಿನವರು ಕೋಣೆ ಕೊಡುವುದು ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ. ಬೆಳಿಗ್ಗೆಯೇ ಹೋಗಿ ಪೆಟ್ಟಿಗೆ ಒಪ್ಪಿಸಿ, ಕೈಬೀಸಿಕೊಂಡು ತಿರುಗಾಡಬಹುದು.

ಉಳಿದ ಒಂದು ದಿನ ಮೇನ್ ಸ್ಟ್ರೀಟಿನ ಪಂಜಾಬಿ ಮಾರ್ಕೆಟ್ಟಿಗೆ ಹೋಗಿ ಅವಲಕ್ಕಿ, ಹುರಿಗಡಲೆ, ಶುಂಠಿ ಕೊಂಡೆವು. ಅಂಗಡಿಯ ಅಜ್ಜ ಹಿಂದಿಯಲ್ಲಿ ಎಲ್ಲಿಯವರೆಂದು ವಿಚಾರಿಸಿ, ರೈಲಿನಲ್ಲಿ ಹೋಗುತ್ತೇವೆಂದಾಗ ದಾರಿಗೆ ಇರಲಿ ಎಂದು ಬೆಲ್ಲದ ಒಂದು ಉಂಡೆಯನ್ನು ಕೈಗಿತ್ತರು. ರೈಲು ಹತ್ತುವ ಹಿಂದಿನ ದಿನವೇ ಮೆಟ್ರೊದಂಥ ಸ್ಕೈಟ್ರೇನಿನಲ್ಲಿ ಹೋಗಿ ನಿಲ್ದಾಣದ ದಾರಿ ನೋಡಿಕೊಂಡೂ ಬಂದೆವು. ಕೆನಡಾ ಪ್ಲೇಸಿನ ಪಕ್ಕದ ವಾಟರ್‌ಫ್ರಂಟ್ ನಿಲ್ದಾಣದಿಂದ ಎಕ್ಸ್‌ಪೋ ಲೈನಿನಲ್ಲಿ ನಾಲ್ಕನೆಯ ನಿಲ್ದಾಣ ಮೇನ್ ಸ್ಟ್ರೀಟ್–ಸೈನ್ಸ್ ವರ್ಲ್ಡ್. ಇಳಿದು ಚಿಕ್ಕ ಉದ್ಯಾನ ದಾಟಿದರೆ 1919ರ ಪೆಸಿಫಿಕ್ ಸೆಂಟ್ರಲ್ ರೈಲು ನಿಲ್ದಾಣ.

ಹಡಗಿಗೂ ರೈಲಿಗೂ ಹಳೆಯ ನಂಟು

ವ್ಯಾಂಕೂವರ್ ನಗರ ಬೆಳೆದದ್ದೇ ಹಡಗೂ ರೈಲೂ ಕೂಡುವ ಜಾಗವೆಂದು. ಪರ್ವತಗಳನ್ನು ಸೀಳಿ ಬಂದ ಕೆನಡಿಯನ್ ಪೆಸಿಫಿಕ್ ರೈಲು ಮಾರ್ಗದಲ್ಲಿ 1887ರ ಮೇ 23ರಂದು ಮೊದಲ ಪ್ರಯಾಣಿಕರ ರೈಲು ಈ ಊರಿಗೆ ಬಂತು. ಅದನ್ನೆಳೆದು ತಂದ 374ನೇ ಎಂಜಿನ್ ಈಗಲೂ ಯೇಲ್‌ಟೌನಿನಲ್ಲಿ ನೋಡಲು ಸಿಗುತ್ತದೆ. ಈ ಮಾರ್ಗ ಕಡಿಯುವಲ್ಲಿ ಸಾವಿರಾರು ಚೀನೀ ಕೂಲಿಕಾರರು ದುಡಿದರು, ನೂರಾರು ಮಂದಿ ಪ್ರಾಣ ಕೊಟ್ಟರು. ಕೆಲಸ ಮುಗಿದ 1885ರಲ್ಲೇ ಅವರ ಜನರು ದೇಶದೊಳಗೆ ಬರಲು ತಲೆಗೆ 50 ಡಾಲರಿನ ತೆರಿಗೆ ಹೇರಲಾಯಿತು. ಅದೇ ರೈಲು ಕಂಪನಿ ಪೂರ್ವದೇಶಗಳ ಅಂಚೆ, ರೇಷ್ಮೆ, ಚಹಾ, ಪ್ರಯಾಣಿಕರನ್ನು ತರಲು 1891ರಲ್ಲಿ ಮೂರು ಬಿಳಿ ಹಡಗುಗಳನ್ನು ಇಳಿಸಿತು. ಅವುಗಳಲ್ಲಿ ಒಂದು ಎಂಪ್ರೆಸ್ ಆಫ್ ಇಂಡಿಯಾ. ಹಡಗುಕಟ್ಟೆಯ ಬಳಿಯೇ ರೈಲು. ಸಮುದ್ರಕ್ಕೂ ನೆಲಕ್ಕೂ ಒಂದೇ ಕಂಪನಿಯ ಏರ್ಪಾಡು.

ವಿವೇಕಾನಂದರ ಬಳಿ ಉತ್ತರದ ಚಳಿಗೆ ತಕ್ಕ ಬಟ್ಟೆ ಇರಲಿಲ್ಲ. ಆ ದಾರಿಯಲ್ಲಿ ಅವರು ಬಹಳ ನಡುಗಿದರು. ಆದರೆ ಅದೇ ಯಾನ ಅವರಿಗೆ ಇಬ್ಬರನ್ನು ಕೊಟ್ಟಿತು. ಹಡಗಿನಲ್ಲಿ ಜೊತೆಗಿದ್ದವರು ಜಮ್ಷೆಟ್‌ಜಿ ಟಾಟಾ. 1898ರಲ್ಲಿ ಟಾಟಾ ಅವರು ಸ್ವಾಮೀಜಿಗೆ ಬರೆದ ಪತ್ರದಲ್ಲಿ ಜಪಾನಿನಿಂದ ಶಿಕಾಗೊಗೆ ಹೋಗುವಾಗಿನ ಸಹಪ್ರಯಾಣಿಕ ತಾನೆಂದು ನೆನಪಿಸಿ, ತಾವು ಕಟ್ಟಬೇಕೆಂದಿರುವ ವಿಜ್ಞಾನ ಸಂಶೋಧನಾ ಸಂಸ್ಥೆಯ ವಿಚಾರ ಪ್ರಸ್ತಾಪಿಸಿದ್ದಾರೆ. 1909ರಲ್ಲಿ ಮೈಸೂರು ಸಂಸ್ಥಾನ ಕೊಟ್ಟ ಜಾಗದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ರೂಪುಗೊಂಡಿತು. ನಮ್ಮ ಬಾಯಲ್ಲಿ ಅದು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್.

ರೈಲಿನಲ್ಲಿ ಸಿಕ್ಕವರು ಅಮೆರಿಕದ ಲೇಖಕಿ ಕೇಟ್ ಸ್ಯಾನ್‌ಬಾರ್ನ್. ಕೆನಡಿಯನ್ ಪೆಸಿಫಿಕ್ ರೈಲಿನ ವೀಕ್ಷಣಾ ಬೋಗಿಯಲ್ಲಿ ಸ್ವಾಮೀಜಿಯನ್ನು ಕಂಡದ್ದನ್ನು ಆಕೆಯೇ ಬರೆದಿಟ್ಟಿದ್ದಾರೆ. ಶಿಕಾಗೊದಲ್ಲಿ ಪರಿಚಯಪತ್ರವಿಲ್ಲದೆ, ಕೈಯಲ್ಲಿ ಕಾಸು ಕರಗುತ್ತಿದ್ದಾಗ ಸ್ವಾಮೀಜಿಗೆ ಆಸರೆಯಾದದ್ದು ಬಾಸ್ಟನ್ ಬಳಿಯ ಆಕೆಯ ತೋಟದ ಮನೆ. ಅಲ್ಲಿಂದಲೇ ಹಾರ್ವರ್ಡಿನ ಪ್ರೊಫೆಸರ್ ಜಾನ್ ಹೆನ್ರಿ ರೈಟ್ ಅವರ ಪರಿಚಯವಾಗಿ, ಅವರ ಶಿಫಾರಸಿನಿಂದ ಸರ್ವಧರ್ಮ ಸಮ್ಮೇಳನದ ಬಾಗಿಲು ತೆರೆಯಿತು. ನಿಧಾನವಾಗಿ ಹೋಗುವ ವಾಹನಗಳಲ್ಲಿ ಜನ ಒಬ್ಬರನ್ನೊಬ್ಬರು ಕಾಣುತ್ತಾರೆ. ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಕಿಲ್ಲ.

ರೈಲಿಗೆ ಬೇಕಾದ ತಯಾರಿ

ಈಗಿನ ದಿ ಕೆನಡಿಯನ್ ರೈಲಿನ ದಾರಿ 4,466 ಕಿಲೋಮೀಟರ್. ವೇಳಾಪಟ್ಟಿಯ ಪ್ರಕಾರ ನಾಲ್ಕು ರಾತ್ರಿ. ಕ್ಯಾಮ್‌ಲೂಪ್ಸ್, ಜಾಸ್ಪರ್, ಎಡ್ಮಂಟನ್, ಸ್ಯಾಸ್ಕಟೂನ್, ವಿನಿಪೆಗ್ ಮೇಲೆ ಹಾದು ಹೋಗುತ್ತದೆ. 1954–55ರಲ್ಲಿ ಬಡ್ ಕಂಪನಿ ತಯಾರಿಸಿದ ಸ್ಟೇನ್‌ಲೆಸ್ ಸ್ಟೀಲಿನ ಬೋಗಿಗಳೇ ಇನ್ನೂ ಓಡುತ್ತಿವೆ. ನಮ್ಮ ಯಜಮಾನರು ಹತ್ತುವ ಮೊದಲು ಅವುಗಳ ಪಕ್ಕ ಉದ್ದಕ್ಕೂ ನಡೆದು ಕೈಯಾಡಿಸಿ ನೋಡಿದರು. 1990ರಿಂದ ಈ ರೈಲು ವಿವೇಕಾನಂದರು ಹೋದ ದಕ್ಷಿಣದ ಹಳಿಯನ್ನು ಬಿಟ್ಟು, ಉತ್ತರದ ಯೆಲ್ಲೊಹೆಡ್ ಕಣಿವೆಯ ಮೂಲಕ ರಾಕಿ ಪರ್ವತ ದಾಟುತ್ತದೆ.

ಕುಳಿತು ಹೋಗುವ ಸೀಟು, ಪರದೆ ಎಳೆದುಕೊಳ್ಳುವ ಮೇಲಿನ–ಕೆಳಗಿನ ಬರ್ತ್, ಬಾಗಿಲಿರುವ ಚಿಕ್ಕ ಕ್ಯಾಬಿನ್ ಎಂದು ದರ್ಜೆಗಳಿವೆ. ವಯಸ್ಸಾದವರು ಕೆಳಗಿನ ಬರ್ತ್ ಕೇಳಿ ಪಡೆಯಬೇಕು. ಮಲಗುವ ದರ್ಜೆಗಳಲ್ಲಿ ಊಟ ಟಿಕೆಟ್ಟಿನಲ್ಲೇ ಸೇರಿದೆ. ಮೊಟ್ಟೆಯನ್ನೂ ತಿನ್ನದ ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ಬಿಡಿಸಿ ಹೇಳಬೇಕು. ಗಾಜಿನ ಗುಮ್ಮಟದ ಬೋಗಿಯಲ್ಲಿ ಬೆಳಿಗ್ಗೆ ಬೇಗ ಹೋದವರಿಗೆ ಮುಂದಿನ ಸೀಟು ಸಿಗುತ್ತದೆ. ಜಾಸ್ಪರಿಗೆ ಮೊದಲು 3,954 ಮೀಟರ್ ಎತ್ತರದ ಮೌಂಟ್ ರಾಬ್ಸನ್ ಕಾಣಿಸುವಾಗ ಒಳಗೆ ಮಲಗಿರಬೇಡಿ.

ತಡವಾಗುವುದನ್ನು ಲೆಕ್ಕಕ್ಕೆ ಹಿಡಿದೇ ಮುಂದಿನ ಏರ್ಪಾಡು ಮಾಡಬೇಕು. ಹಳಿ ಬಹುಪಾಲು ಗೂಡ್ಸ್ ಸಾಗಿಸುವ ಕಂಪನಿಯದು. ಅದರ ಗೂಡ್ಸ್ ರೈಲುಗಳು ಎಷ್ಟೋ ಕಡೆ ಲೂಪ್ ಲೈನಿಗಿಂತ ಉದ್ದ. ಹಾಗಾಗಿ ಪಕ್ಕಕ್ಕೆ ಸರಿದು ನಿಲ್ಲಬೇಕಾದದ್ದು ಪ್ರಯಾಣಿಕರ ರೈಲೇ. ಗಂಟೆಗಟ್ಟಲೆ ತಡವಾಗಬಹುದು. ಟೊರಾಂಟೊ ಸೇರುವ ದಿನವೇ ವಿಮಾನ ಹಿಡಿಯುವ ಯೋಜನೆ ಬೇಡ. ದಾರಿಯಲ್ಲಿ ಬಹಳ ಹೊತ್ತು ಮೊಬೈಲಿಗೆ ಸಿಗ್ನಲ್ಲೂ ಇರುವುದಿಲ್ಲ. ಬರುವವರೆಗೆ ಗಾಬರಿಯಾಗಬೇಡಿ ಎಂದು ಮಕ್ಕಳಿಗೆ ಮೊದಲೇ ತಿಳಿಸಿರಬೇಕು.

ಗಡಿಯಾರ ಇಲ್ಲಿಯೂ ಮುಂದಕ್ಕೇ ಹೋಗುತ್ತದೆ. ಟೊರಾಂಟೊವರೆಗೆ ಇನ್ನು ಮೂರು ಗಂಟೆ. ಸಮುದ್ರದಲ್ಲಿ ಎಂಟು, ನೆಲದಲ್ಲಿ ಮೂರು. ಹಡಗೂ ರೈಲೂ ಸೇರಿ ಒಂದೇ ಪ್ರಯಾಣ ಎಂಬುದು ಈ ಲೆಕ್ಕದಿಂದಲೇ ತಿಳಿಯುತ್ತದೆ. ಅಲೆಯ ಮೇಲೆ ಕಲಿತ ನಿಧಾನವನ್ನು ನಾವು ಹಳಿಯ ಮೇಲೂ ಇಟ್ಟುಕೊಂಡೆವು. ಲೂಪ್ ಲೈನಿನಲ್ಲಿ ನಿಂತಾಗ ಹೊರಗಿನ ಭೂರ್ಜ ಮರಗಳನ್ನು ನೋಡುತ್ತಾ, ಎದುರಿನ ಸೀಟಿನ ವಿನಿಪೆಗ್‌ನ ಗೋಧಿ ರೈತ ದಂಪತಿಯೊಡನೆ ಮಳೆ, ಬೆಳೆ, ಮಕ್ಕಳ ಮಾತಾಡುತ್ತಾ ಕೂತೆವು. ವ್ಯಾಂಕೂವರಿನಲ್ಲಿ ಉಸಿರು ತಿರುಗಿಸಿಕೊಳ್ಳದೆ ನೇರ ರೈಲು ಹತ್ತಿದ್ದರೆ ಆ ಮಾತಿಗೆ ನಮ್ಮಲ್ಲಿ ಚೈತನ್ಯ ಉಳಿದಿರುತ್ತಿರಲಿಲ್ಲ.

ಮಕ್ಕಳನ್ನು ನೋಡಲು ಕೆನಡಾಕ್ಕೋ ಅಮೆರಿಕಕ್ಕೋ ಹೋಗುವ ಹಿರಿಯರು ಈಗ ಮನೆಮನೆಯಲ್ಲಿದ್ದಾರೆ. ಕಾಲು ಗಟ್ಟಿಯಿರುವಾಗ, ಮನಸ್ಸಿಗೆ ಬಿಡುವಿರುವಾಗ ಒಮ್ಮೆಯಾದರೂ ಹೀಗೆ ನೀರಿನ ಮೇಲೂ ನೆಲದ ಮೇಲೂ ಹೋಗಿಬನ್ನಿ. ಯೋಜನೆ ಹಾಕುವಾಗ ಮಕ್ಕಳು ಫೋನಿನಲ್ಲಿ ‘ಅಮ್ಮ, ಬೆಳಿಗ್ಗೆ ಇಳಿದು ಮಧ್ಯಾಹ್ನವೇ ರೈಲು ಹಿಡೀಬಹುದಲ್ಲ, ಒಂದು ದಿನ ಉಳಿಯುತ್ತೆ’ ಎನ್ನುತ್ತಾರೆ. ಒಪ್ಪಬೇಡಿ. ಇಳಿದ ದಿನ, ಅದರ ಮರುದಿನ ಎರಡನ್ನೂ ಡೈರಿಯಲ್ಲಿ ಖಾಲಿ ಬಿಡಿ. ಕಾಲು ನೆಲಕ್ಕೆ ಹೊಂದಲು, ಬಟ್ಟೆ ಔಷಧಿ ಜೋಡಿಸಿಕೊಳ್ಳಲು, ಬಂದ ಊರಿನ ಸುಖದುಃಖ ಕೇಳಿಕೊಳ್ಳಲು ಆ ಎರಡು ದಿನ ಬೇಕೇ ಬೇಕು.